ಸಾಮ್ರಾಟರೂ ಎಡಗಡೆಯ ಹಿಂಚಕ್ರವೂ

ನಮ್ಮ ಬೀದಿ ಮುಗಿಯುವ ಕಡೆ, ಟೈರಿನ ಅಂಗಡಿಗೂ ಹೊಲಿಗೆಯ ಅಂಗಡಿಗೂ ನಡುವೆ ಸಿಕ್ಕಿಕೊಂಡ ತಗಡಿನ ಷೆಡ್ಡೊಂದರಲ್ಲಿ ಒಂದು ಸಾಮ್ರಾಜ್ಯವಿದೆ. ಅದರ ಅಗಲ ಎರಡು ಕಾರು. ಉದ್ದ, ಬಾಗಿಲು ಹಾಕದೆ ಬಿಟ್ಟರೆ ಮೂರು. ಗುಜರಿಗೆ ಹೋದ ಬಸ್ಸೊಂದರ ಡ್ರೈವರ್ ಸೀಟು ಅಲ್ಲಿನ ಸಿಂಹಾಸನ. ಅದರ ಮೇಲೆ ಕುಳಿತು, ಹಳೆಯ ಬನಿಯನ್ನಿನ ತುಂಡಿನಿಂದ ಕೈಯ ಗ್ರೀಸು ಒರೆಸಿಕೊಳ್ಳುತ್ತ ಪ್ರಜೆಗಳ ಅಹವಾಲು ಕೇಳುವವರೇ ಸಾಮ್ರಾಟರು. ತಂದೆತಾಯಿ ಇಟ್ಟ ಹೆಸರು ಬೇರೆ ಒಂದಿತ್ತು. ಅದು ಈಗ ಡ್ರೈವಿಂಗ್ ಲೈಸೆನ್ಸಿನಲ್ಲಿ ಮಾತ್ರ ಉಸಿರಾಡುತ್ತಿದೆ.

ಅವರ ಕೀರ್ತಿ ನಿಂತಿದ್ದದ್ದು ಕಿವಿಯ ಮೇಲೆ ಮತ್ತು ಮೀಸೆಯ ಮೇಲೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು ಅವರು ನಿಂತರೆಂದರೆ ಬೀದಿಯಲ್ಲಿ ಹೋಗುವವರು ಕೆಮ್ಮನ್ನೂ ನುಂಗಿಕೊಳ್ಳುತ್ತಿದ್ದರು. ಮೀಸೆ ಕೆಲಸ ಮುಗಿದ ಮೇಲೆ ರಂಗಕ್ಕೆ ಬರುತ್ತಿತ್ತು. ಗಾಡಿ ಒಪ್ಪಿಸುವಾಗ ಅದರ ಎರಡೂ ತುದಿ ತಿರುವಿ ಸಾಮ್ರಾಟರು ಒಂದೇ ಘೋಷಣೆ ಮಾಡುತ್ತಿದ್ದರು: “ನನ್ನ ಕೈ ಬಿದ್ದ ಕೆಲಸಾನ ಇನ್ನೊಬ್ಬ ಬಿಚ್ಚಿ ನೋಡಿದ್ದು ತೋರಿಸಿ, ಮೀಸೆ ಬೋಳಿಸ್ತೀನಿ.” ತೋರಿಸಿದವರು ಯಾರೂ ಇರಲಿಲ್ಲ. ಹಾಗಾಗಿ ಮೀಸೆ ಅಡೆತಡೆಯಿಲ್ಲದೆ ಬೆಳೆದು ಕೆನ್ನೆಗಳನ್ನು ಆಕ್ರಮಿಸಿತ್ತು. ಎದುರು ಗ್ಯಾರೇಜಿನವನು, ಅವನಿಗೆ ಹೊಟ್ಟೆಯುರಿ ಬಿಡಿ, ಮಳೆ ಬಂದರೆ ಅದನ್ನೇ ವೈಪರಾಗಿ ಬಳಸಬಹುದು ಎಂದು ಗಿರಾಕಿಗಳಿಗೆ ಹೇಳಿ ನಗಿಸುತ್ತಿದ್ದ.

ಇಂಥ ಸಾಮ್ರಾಟರಿಗೆ ಒಂದು ಭೂತ ಮೆಟ್ಟಿಕೊಂಡಿತ್ತು.

ಭೂತವಾಗುವ ಮೊದಲು ಅದು ಅವರ ಭಾವ. ಅಕ್ಕನ ಗಂಡ, ಷೆಡ್ಡಿನ ಮೂಲ ಯಜಮಾನ, ಪರೀಕ್ಷೆಯೆಂದರೆ ಜ್ವರ ಬರಿಸಿಕೊಳ್ಳುತ್ತಿದ್ದ ಭಾವಮೈದುನನ ಕೈಗೆ ಮೊದಲ ಸ್ಪ್ಯಾನರ್ ಕೊಟ್ಟವರು. ಎಡಚರು. ದಿನವಿಡೀ ಅವರು ಆಡುವ ಮಾತನ್ನು ಒಂದು ಬೆಂಕಿಪೆಟ್ಟಿಗೆಯಲ್ಲಿ ತುಂಬಿಡಬಹುದಿತ್ತು, ಕಡ್ಡಿಗಳನ್ನು ಹೊರಗೆ ತೆಗೆಯದೆಯೇ. ಅವರಿಗಿದ್ದ ಒಂದೇ ಶೋಕಿ ಒಂದು ಹಳೆಯ ಸ್ಪೋರ್ಟ್ಸ್ ಕಾರು. ಇಬ್ಬರೇ ಕೂರಬಹುದಾದದ್ದು, ತಲೆಯ ಮೇಲೆ ಸೂರಿಲ್ಲದ್ದು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನದು, ಒಂದು ಕಾಲಕ್ಕೆ ಹಸಿರಾಗಿದ್ದದ್ದು. ಬೀದಿಯವರು ಅದನ್ನು ಕಪ್ಪೆ ಎನ್ನುತ್ತಿದ್ದರು. ಭಾನುವಾರ ಭಾವ ಸ್ಟಿಯರಿಂಗ್ ಹಿಡಿದು, ಅಕ್ಕ ತಲೆಗೆ ಸ್ಕಾರ್ಫ್ ಕಟ್ಟಿ, ಕಪ್ಪೆ ಒಂದು ಸಲ ಕೆಮ್ಮಿ ಎರಡು ಸಲ ಕುಪ್ಪಳಿಸಿ ಬೀದಿ ದಾಟಿತೆಂದರೆ ನಮಗೆಲ್ಲ ಸ್ನಾನದ ಹೊತ್ತಾಯಿತೆಂದು ಅರ್ಥ.

ಈಗ ಒಂದು ನಟ್ಟಿನ ವಿಷಯ ಹೇಳಬೇಕು. ಹೇಳದಿದ್ದರೆ ಭೂತ ಅರ್ಥವಾಗುವುದಿಲ್ಲ. ಕಪ್ಪೆಯ ಹಿಂದಿನ ಚಕ್ರದ ಒಳಗೆ, ಬೇರಿಂಗನ್ನು ಅದರ ಜಾಗದಲ್ಲಿ ಹಿಡಿದಿಡಲು, ಅಂಗೈಯಷ್ಟು ದೊಡ್ಡದೊಂದು ನಟ್ಟು ಇರುತ್ತದೆ. ಅದನ್ನು ಬಿಗಿದರಷ್ಟೇ ಸಾಲದು. ಅದರ ತೆಳುವಾದ ಅಂಚಿಗೆ ಉಳಿಯಿಟ್ಟು ಸುತ್ತಿಗೆಯಿಂದ ಬಡಿದು, ಆ ಅಂಚು ಆಕ್ಸಲ್ಲಿನ ಕಚ್ಚಿನೊಳಗೆ ತಗ್ಗಿ ಕೂರುವ ಹಾಗೆ ಮಾಡಬೇಕು. ಆಮೇಲೆ ನಟ್ಟು ತಾನಾಗಿ ಸಡಿಲವಾಗುವುದಿಲ್ಲ. ಷೆಡ್ಡಿನ ಭಾಷೆಯಲ್ಲಿ ಇದಕ್ಕೆ ಪಂಚು ಹೊಡೆಯುವುದು ಎನ್ನುತ್ತಾರೆ. ಈ ಪಂಚು ಕೈಬರಹವಿದ್ದ ಹಾಗೆ, ಒಬ್ಬರದು ಇನ್ನೊಬ್ಬರಿಗೆ ಬರುವುದಿಲ್ಲ. ಸಾಮ್ರಾಟರದು ಒಂದೇ ಏಟು, ನೆಟ್ಟಗೆ, ಆಳವಾಗಿ, ರಾಜಮುದ್ರೆ ಒತ್ತಿದ ಹಾಗೆ. ಭಾವನದು ಎಡಗೈಯ ಎರಡು ಸಣ್ಣ ಏಟು, ಪಕ್ಕಪಕ್ಕದಲ್ಲಿ, ಓರೆಯಾಗಿ.

ಒಂದು ದಿನ ಕಪ್ಪೆಯ ಹಿಂಭಾಗದಿಂದ ಗೂಂ ಎಂಬ ಸದ್ದು ಶುರುವಾಯಿತು. ವೇಗ ಹೆಚ್ಚಿದರೆ ಹೆಚ್ಚುವ, ತಿರುವಿನಲ್ಲಿ ರಾಗ ಬದಲಿಸುವ ಸದ್ದು. ಬೇರಿಂಗ್ ಹೋಗಿದೆ ಎಂದು ಸಾಮ್ರಾಟರು ಸ್ಕ್ರೂಡ್ರೈವರ್ ಮುಟ್ಟದೆಯೇ ತೀರ್ಪು ಕೊಟ್ಟರು. ಎರಡೂ ಕಡೆ ಬದಲಾಯಿಸು ಎಂದು ಭಾವ ಕೈಸನ್ನೆಯಲ್ಲೇ ಹೇಳಿ ಹೋದರು. ಬಲಗಡೆಯದು ಮುಗಿಯಿತು. ಎಡಗಡೆಯ ಬೇರಿಂಗು ಕೂತಿತು, ನಟ್ಟು ಬಿಗಿಯಿತು. ಸರಿಯಾಗಿ ಆಗಲೇ ಕಂಟ್ರಾಕ್ಟರನೊಬ್ಬ ಹೊಳೆಯುವ ದೊಡ್ಡ ಕಾರು ತಂದು, ಒಂಚೂರು ಕಿವಿ ಕೊಡಬೇಕು ಎಂದು ಕೈಮುಗಿದ. ಕೈಮುಗಿದವರನ್ನು ಕಾಯಿಸುವುದು ಸಾಮ್ರಾಟರ ಧರ್ಮವಲ್ಲ. ಎದ್ದು ಹೋಗಿ ಕಿವಿ ಕೊಟ್ಟರು, ರೋಗ ಹೇಳಿದರು, ಸುತ್ತ ನಿಂತವರ ಆಹಾ ಎಂಬ ಉದ್ಗಾರ ಸ್ವೀಕರಿಸಿದರು, ಟೀ ಕುಡಿದರು, ಹಳೆಯ ವಿಜಯಗಳಲ್ಲಿ ಒಂದೆರಡನ್ನು ಬಣ್ಣಿಸಿದರು. ಮರಳಿ ಬಂದು ನಟ್ಟಿನ ಮೇಲೆ ಮುಚ್ಚಳ ಕೂರಿಸಿ, ಚಕ್ರ ಹಾಕಿ, ಜಾಕು ಇಳಿಸಿ ಮನೆಗೆ ಹೋದರು.

ಆ ಭಾನುವಾರ ಅಕ್ಕನಿಗೆ ತಲೆನೋವು. ಭಾವ ಒಬ್ಬರೇ ಹೋದರು. ಊರ ಹೊರಗಿನ ಮುಚ್ಚಿದ ಗೋದಾಮಿನ ಗೋಡೆಗೆ ಕಪ್ಪೆ ಮೆಲ್ಲಗೆ ಒರಗಿಕೊಂಡು ನಿಂತಿದ್ದು ದಾರಿಹೋಕರಿಗೆ ಕಂಡಿತು. ಒಂದು ದೀಪ ಒಡೆದಿತ್ತು, ಅಷ್ಟೇ. ಎಂಜಿನ್ ಓಡುತ್ತಲೇ ಇತ್ತು. ಭಾವ ಏನನ್ನೋ ಕೇಳಿಸಿಕೊಳ್ಳುವವರ ಹಾಗೆ ತಲೆ ಓರೆ ಮಾಡಿ ಕೂತಿದ್ದರು. ಡಾಕ್ಟರು ಹೃದಯ ಎಂದರು. ಎಲ್ಲರೂ ಹೃದಯ ಎಂದರು. ಮೊದಲು ಹೃದಯ ನಿಂತು ಕಾರು ಗೋಡೆಗೆ ಹೋಯಿತೋ, ಮೊದಲು ಚಕ್ರ ಅಲ್ಲಾಡಿ ಹೆದರಿಕೆಗೆ ಹೃದಯ ನಿಂತಿತೋ ಎಂದು ಕೇಳಿದವರು ಯಾರೂ ಇಲ್ಲ, ಸಾಮ್ರಾಟರೊಬ್ಬರನ್ನು ಬಿಟ್ಟು. ಅವರೂ ಕೇಳಿದ್ದು ಒಳಗೊಳಗೇ. ಏಕೆಂದರೆ ಸತ್ತವರ ಮನೆಯ ಮೂಲೆಯಲ್ಲಿ ಕೂತಿದ್ದಾಗ ಅವರಿಗೆ ಎಡಗಡೆಯ ನಟ್ಟು ಬಿಗಿದದ್ದು ನೆನಪಾಯಿತು, ಮುಚ್ಚಳ ಕೂರಿಸಿದ್ದು ನೆನಪಾಯಿತು, ಚಕ್ರ ಹಾಕಿದ್ದು ನೆನಪಾಯಿತು. ನಡುವೆ ಇರಬೇಕಾದ ಆ ಒಂದು ಏಟು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಮನೆಗೆ ಬೀಗ ಹಾಕಿದೆವೋ ಇಲ್ಲವೋ ಎಂದು ಬಸ್ಸು ಹತ್ತಿದ ಮೇಲೆ ಒದ್ದಾಡುತ್ತೇವಲ್ಲ, ಹಾಗೆ. ನಾವಾದರೆ ಇಳಿದು ವಾಪಸು ಹೋಗಬಹುದು.

ಅವರೂ ಹೋಗಬಹುದಿತ್ತು. ಮುಚ್ಚಳ ತೆಗೆದು ನೋಡಿದರೆ ಮುಗಿಯುವ ಕೆಲಸ. ಕಪ್ಪೆಯನ್ನು ಹಗ್ಗ ಕಟ್ಟಿ ಎಳೆತಂದವರೂ ಅವರೇ. ಆದರೆ ಷೆಡ್ಡಿನ ಹಿಂದಿನ ಮೂಲೆಗೆ ತಳ್ಳಿ, ಟಾರ್ಪಾಲು ಹೊದಿಸಿ, ಆ ಕಡೆ ಬೆನ್ನು ಹಾಕಿ ಕೂತರು. ಅಂದಿನಿಂದ ಭೂತದ ಆಳ್ವಿಕೆ. ಫ್ಯಾನಿನಲ್ಲಿ ಗೂಂ, ಮಿಕ್ಸಿಯಲ್ಲಿ ಗೂಂ, ಹೆಂಡತಿಯ ಗೊರಕೆಯಲ್ಲಿ ಗೂಂ. ಮಧ್ಯಾಹ್ನ ಸಿಂಹಾಸನದ ಮೇಲೆ ಕಣ್ಣು ಮುಚ್ಚಿದರೆ ಸಾಕು, ಭಾವ ಬನಿಯನ್ ತುಂಡಿಗೆ ಎಡಗೈ ಒರೆಸಿಕೊಳ್ಳುತ್ತ ಬಂದು ನಿಲ್ಲುತ್ತಿದ್ದರು. ಬೈಯುತ್ತಿರಲಿಲ್ಲ, ರಕ್ತ ಕಾರಿ ಸಾಯಿ ಎನ್ನುತ್ತಿರಲಿಲ್ಲ. ಸತ್ತ ಮೇಲೂ ಮಾತಿನಲ್ಲಿ ಜಿಪುಣರೇ. “ಪಂಚ್ ಹೊಡ್ದ್ಯಾ?” ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯುತ್ತಿದ್ದರು.

ಟಾರ್ಪಾಲಿನ ಹತ್ತಿರ ಯಾರೂ ಸುಳಿಯಬಾರದೆಂದು ಸಾಮ್ರಾಟರು ಒಂದು ಉಪಾಯ ಹೂಡಿದರು. ಭಾವನ ಆತ್ಮ ಅಲ್ಲೇ ಕೂತಿದೆ, ಸಂಜೆ ಹೊತ್ತು ಟಾರ್ಪಾಲು ಉಸಿರಾಡುತ್ತದೆ ಎಂದು ಟೈರಿನವನ ಕಿವಿಯಲ್ಲಿ ಊದಿದರು. ಸುದ್ದಿ ಬೀದಿ ಸುತ್ತಿ, ಕೈಕಾಲು ಬೆಳೆಸಿಕೊಂಡು, ವಾರದೊಳಗೆ ಅವರ ಬಳಿಗೇ ವಾಪಸು ಬಂತು. ಟಾರ್ಪಾಲಿನ ಒಳಗಿಂದ ಭಾವ ಹಾರ್ನ್ ಒತ್ತಿದ್ದನ್ನು ಹಾಲಿನವನು ಕೇಳಿಸಿಕೊಂಡಿದ್ದಾನಂತೆ. ತಾವೇ ಹೆತ್ತ ಸುಳ್ಳು ಇಷ್ಟು ಎತ್ತರಕ್ಕೆ ಬೆಳೆದು ಎದುರಿಗೆ ನಿಂತಾಗ ಸಾಮ್ರಾಟರು ಅದಕ್ಕೆ ಹೆದರಿದರು. ಅಂದಿನಿಂದ ಸಂಜೆಯಾಗುತ್ತಲೇ ಬಾಗಿಲು ಹಾಕಿ ಓಡುವವರು ಬೀದಿಯಲ್ಲೆಲ್ಲ ಅವರೇ ಮೊದಲಿಗರು. ತಗಡಿನ ತೂತಿನಿಂದ ಬರುವ ಗಾಳಿಗೆ ಟಾರ್ಪಾಲು ನಿಜವಾಗಿಯೂ ಉಬ್ಬಿ ತಗ್ಗುತ್ತಿತ್ತು. ಆ ತೂತನ್ನು ಮುಚ್ಚಬಹುದಿತ್ತು, ಆದರೆ ಮುಚ್ಚಿದ ಮೇಲೂ ಉಸಿರಾಡಿದರೆ ಏನು ಮಾಡುವುದು?

ಇನ್ನೊಂದು ಖಯಾಲಿಯೂ ಅಂಟಿತು. ಯಾರದೇ ಗಾಡಿಯ ಚಕ್ರ ಬಿಚ್ಚಿದರೂ ಪಂಚು ಹೊಡೆದು ನೋಡುವುದು, ಮುಚ್ಚಿ ಮತ್ತೆ ತೆರೆದು ನೋಡುವುದು. ಕೆಲವೊಮ್ಮೆ ಹೋದ ಗಿರಾಕಿಯನ್ನು ಸ್ಕೂಟರಿನಲ್ಲಿ ಬೆನ್ನಟ್ಟಿ, ಸಿಗ್ನಲ್ಲಿನಲ್ಲಿ ಅಡ್ಡಗಟ್ಟಿ, ರಸ್ತೆ ಬದಿಯಲ್ಲೇ ಜಾಕು ಹಾಕಿ ನೋಡುವುದು. ಎಂಥ ನಿಷ್ಠೆ ಎಂದು ಜನ ಬೆರಗಾದರು. ಅದನ್ನು ಕೇಳಿ ಮೀಸೆ ಬೆಳೆಯಿತು, ಒಳಗೆ ಗೂಂ ಇನ್ನಷ್ಟು ಜೋರಾಯಿತು.

ವರ್ಷಗಳು ಹೀಗೇ ಉರುಳುತ್ತಿದ್ದವೇನೋ, ಅಕ್ಕ ಡ್ರೈವಿಂಗ್ ಕಲಿಯದಿದ್ದರೆ.

ಪಕ್ಕದ ಹೊಲಿಗೆ ಅಂಗಡಿ ಅವಳದು. ಕೊರಳಲ್ಲಿ ಅಳತೆಯ ಟೇಪು, ತುಟಿಯ ನಡುವೆ ಗುಂಡುಸೂಜಿ, ಅದರ ಸಂದಿಯಿಂದಲೇ ಮಾತು. ಅರವತ್ತರ ಅಂಚಿನಲ್ಲಿ ಇದೇನು ಹುಚ್ಚು ಎಂದವರಿಗೆಲ್ಲ, ಜೀವಮಾನವೆಲ್ಲ ಮೆಷಿನ್ ತುಳಿದ ಕಾಲಿಗೆ ಕ್ಲಚ್ಚು ಯಾವ ಲೆಕ್ಕ ಎಂದು ಬಾಯಿ ಮುಚ್ಚಿಸಿ ಲೈಸೆನ್ಸು ತಂದಳು. ತಂದವಳೇ ತಮ್ಮನಿಗೆ ಆಜ್ಞೆ ಮಾಡಿದಳು: ಕಪ್ಪೆಯನ್ನು ಹೊರಗೆ ತೆಗಿ, ನಾನು ಓಡಿಸುತ್ತೇನೆ.

ಸಾಮ್ರಾಟರು ಮೊದಲು ಆತ್ಮದ ಕಥೆ ಹೇಳಿದರು. ಇದ್ದರೆ ಇರಲಿ, ಪಕ್ಕದ ಸೀಟಿನಲ್ಲಿ ಕೂರಿಸಿಕೊಳ್ಳುತ್ತೇನೆ, ಅವರಿಗೂ ಬೇಜಾರಾಗಿರಬೇಕು ಎಂದಳು ಅಕ್ಕ. ಬೇರೆ ದಾರಿ ಕಾಣದೆ ಸಾಮ್ರಾಟರು ಕೆಲಸಕ್ಕೆ ಇಳಿದರು. ಎಂಜಿನ್ ಬಿಚ್ಚಿದರು, ಕಾರ್ಬುರೇಟರ್ ತೊಳೆದರು, ವೈರು ಬದಲಾಯಿಸಿದರು, ಮುಂದಿನ ಚಕ್ರಗಳನ್ನು ಮಗುವಿಗೆ ಸ್ನಾನ ಮಾಡಿಸಿದ ಹಾಗೆ ಮಾಡಿದರು. ಮೂತಿಯಿಂದ ಸೀಟಿನವರೆಗೆ ಕಪ್ಪೆಗೆ ಹರೆಯ ಬಂತು. ಸೀಟಿನ ಹಿಂದಕ್ಕೆ ಅವರ ಕೈ ದಾಟಲಿಲ್ಲ. ಆದರೆ ಬೀದಿಗೆ ತಳ್ಳಿದ ಕೂಡಲೇ ಹಿಂದಿನ ಚಕ್ರಗಳು ನರಳಿದವು. ಇಷ್ಟು ವರ್ಷ ನಿಂತಲ್ಲೇ ನಿಂತು ಬೇರಿಂಗಿನ ಗ್ರೀಸು ಒಣಗಿ, ಒಳಗೆ ತುಕ್ಕು ಕಚ್ಚಿತ್ತು. ಟೈರಿನ ಸದ್ದು ಅದು, ಓಡಿದರೆ ಸರಿಹೋಗುತ್ತದೆ ಎಂದರು, ನೊಣ ಕೆಮ್ಮಿದರೂ ಕೇಳಿಸಿಕೊಳ್ಳುತ್ತಿದ್ದ ಮಹಾಶಯರು. ಎದುರು ಗ್ಯಾರೇಜಿನವನು ರಸ್ತೆಯ ಆ ಬದಿಯಿಂದಲೇ ಹೇಳಿದ:

“ಬೇರಿಂಗ್ ಹೋಗಿದೆ ಅಂತ ನಮ್ಮಜ್ಜಿಗೂ ಕೇಳಿಸುತ್ತೆ ಸಾಮ್ರಾಟ್ರೇ. ಅಜ್ಜಿ ಹೋಗಿ ಎಷ್ಟೋ ಕಾಲ ಆಯ್ತು.”

ಹೊಸ ಬೇರಿಂಗು ಸಿಗುವುದಿಲ್ಲ, ಕಂಪನಿಯೇ ಮುಚ್ಚಿದೆ, ಹಡಗಿನಲ್ಲಿ ಬರಬೇಕು ಎಂದೆಲ್ಲ ಸಾಮ್ರಾಟರು ಒಂದಾದ ಮೇಲೊಂದು ಕಾರಣ ಕಟ್ಟುತ್ತಿದ್ದರೆ, ಅಕ್ಕ ಬಿಡಿಭಾಗದ ಅಂಗಡಿಗೆ ತಾನೇ ಹೋಗಿ ಎರಡೂ ಬೇರಿಂಗು, ಎರಡು ಹೊಸ ನಟ್ಟು ತಂದಳು. ತಂದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಐಸಿನ ಪಕ್ಕ ಇಟ್ಟಳು. ತಣ್ಣಗಾದ ಬೇರಿಂಗು ಕೂದಲೆಳೆಯಷ್ಟು ಕುಗ್ಗುತ್ತದೆ, ಸುಲಭವಾಗಿ ಒಳಗೆ ಕೂರುತ್ತದೆ. ಗಂಡನ ಕಾಲದಲ್ಲಿ ಆ ಖಾನೆ ಯಾವತ್ತೂ ಬೇರಿಂಗಿಗೇ ಮೀಸಲಾಗಿತ್ತು. ಬಾಗಿಲು ಮುಚ್ಚಿ ತಮ್ಮನ ಕಡೆ ತಿರುಗಿ ಹೇಳಿದಳು: “ನಾಳೆ ನೀನು ಬಿಚ್ಚು. ಆಗಲ್ಲ ಅಂದ್ರೆ ಎದುರಿನವನ ಹತ್ರ ಬಿಚ್ಚಿಸ್ತೀನಿ.”

ಸಾಮ್ರಾಟರಿಗೆ ಎಲ್ಲ ದಾರಿಯೂ ಮುಚ್ಚಿತು. ಎದುರಿನವನು ಮುಚ್ಚಳ ತೆಗೆಯುತ್ತಾನೆ. ಎಡಗಡೆಯ ನಟ್ಟು ಏಟಿಲ್ಲದೆ ನುಣ್ಣಗಿರುತ್ತದೆ. ಅವನು ಬೀದಿಯನ್ನೇ ಕೂಗಿ ಕರೆಯುತ್ತಾನೆ. ಮೀಸೆಯ ಮಾತು ಹಾಗಿರಲಿ, ತನ್ನ ಗಂಡನನ್ನು ಕೊಂದದ್ದು ತನ್ನ ತಮ್ಮ ಎಂದು ಅಕ್ಕನಿಗೆ ತಿಳಿಯುತ್ತದೆ, ಅದೂ ಎದುರಿನವನ ಬಾಯಿಂದ. ಅದಕ್ಕಿಂತ ತಾವೇ ಬಿಚ್ಚುವುದು ವಾಸಿ. ನುಣ್ಣಗಿದ್ದರೆ ಯಾರಿಗೂ ಕಾಣದ ಹಾಗೆ ಒಂದು ಏಟು ಹಾಕಿಬಿಡಬಹುದು ಎಂಬ ಆಲೋಚನೆಯೂ ಬಂದಿರಬೇಕು. ಬಂದಿತ್ತೆಂದು ಅವರೇ ಆಮೇಲೆ ಒಪ್ಪಿಕೊಂಡರು.

ಮರುದಿನ ಬಿಸಿಲೇರುವ ಹೊತ್ತಿಗೆ ಯುದ್ಧ ಶುರು. ಆದರೆ ಅಕ್ಕ ಒಂದು ಸ್ಟೂಲು ತಂದು ಪಕ್ಕದಲ್ಲೇ ಹಾಕಿಕೊಂಡು, ಯಾರದೋ ಷರ್ಟಿಗೆ ಗುಂಡಿ ಹೊಲಿಯುತ್ತ ಕೂತುಬಿಟ್ಟಳು. ಸಾಮ್ರಾಟರು ವೀರರಂತೆ ಬಲಗಡೆಯಿಂದ ಆರಂಭಿಸಿದರು. ಚಕ್ರ ಬಂತು, ಮುಚ್ಚಳ ಬಂತು. ಒರೆಸಿದರೆ ಒಂದೇ ಏಟು, ನೆಟ್ಟಗೆ, ಆಳವಾಗಿ. ರಾಜಮುದ್ರೆ. ಪೈಪು ಸಿಕ್ಕಿಸಿ ಎಳೆದು ನಟ್ಟು ಬಿಚ್ಚಿದರು, ಪುಲ್ಲರೆಂಬ ಎಳೆಯುವ ಸಲಕರಣೆಯಿಂದ ಚಕ್ರದ ಗುಂಬವನ್ನು ಹೊರಗೆಳೆದರು, ಹಳೆಯ ಬೇರಿಂಗನ್ನು ಬಡಿದು ಬೀಳಿಸಿದರು, ಫ್ರಿಜ್ಜಿನಿಂದ ಬಂದದ್ದು ನಿಟ್ಟುಸಿರು ಬಿಟ್ಟ ಹಾಗೆ ಒಳಗೆ ಕೂತಿತು. ಹೊಸ ನಟ್ಟು ಬಿಗಿದು ಪಂಚು ಹೊಡೆದರು. ಆಮೇಲೆ ಸ್ಪ್ಯಾನರುಗಳನ್ನು ತೊಳೆದರು. ತೊಳೆದವನ್ನು ಅಳತೆಯ ಪ್ರಕಾರ ಜೋಡಿಸಿದರು. ನೆಲ ಗುಡಿಸಿದರು. ಷೆಡ್ಡು ಕಟ್ಟಿದ ಮೇಲೆ ಆ ನೆಲಕ್ಕೆ ಪೊರಕೆ ಬಿದ್ದದ್ದು ಅಂದೇ ಇರಬೇಕು.

“ಎಡಗಡೆದನ್ನ ಮುಂದಿನ ಜನ್ಮದಲ್ಲಿ ಮಾಡ್ತೀಯೇನೋ?” ಎಂದಳು ಅಕ್ಕ.

ಚಕ್ರ ತೆಗೆದರು. ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಕೊಟ್ಟು ಎಬ್ಬಿಸಿದರು. ನಟ್ಟಿನ ಮೇಲೆ ಕಪ್ಪಗಾದ ಗ್ರೀಸು ಹೆಪ್ಪುಗಟ್ಟಿತ್ತು. ಬನಿಯನ್ ತುಂಡು ಹಿಡಿದ ಕೈ ಅದರ ಹತ್ತಿರ ಹೋಗಿ ನಿಂತಿತು. ತಗಡಿನ ತೂತಿನಿಂದ ಗಾಳಿ ಬಂದು, ಪಕ್ಕಕ್ಕೆ ಎಸೆದಿದ್ದ ಟಾರ್ಪಾಲು ಒಂದು ಸಲ ಉಸಿರೆಳೆದುಕೊಂಡಿತು. ಸಾಮ್ರಾಟರು ಕಣ್ಣು ಮುಚ್ಚಿಕೊಂಡೇ ಒರೆಸಿದರು. ತೆರೆದರು.

ನಟ್ಟು ನುಣ್ಣಗಿರಲಿಲ್ಲ. ಅವರ ಏಟೂ ಅಲ್ಲಿರಲಿಲ್ಲ. ಎರಡು ಸಣ್ಣ ತಗ್ಗು, ಪಕ್ಕಪಕ್ಕದಲ್ಲಿ, ಓರೆಯಾಗಿ.

ಸಾಮ್ರಾಟರು ಆ ತಗ್ಗುಗಳನ್ನು ಬೆರಳಿನಿಂದ ಸವರಿ ನೋಡಿದರು. “ಅಕ್ಕಾ, ಈ ಪಂಚು ನಂದಲ್ಲ. ಭಾವಂದು.”

ಅಕ್ಕ ದಾರವನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು. “ಹೌದು. ನೀನು ಮರ್ತಿದ್ದೆ.”

ಆಮೇಲೆ, ಮತ್ತೊಂದು ಗುಂಡಿಗೆ ದಾರ ಪೋಣಿಸುತ್ತ, ಹವಾಮಾನದ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದಳು. ತಮ್ಮನು ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೂ, ಅವನು ಮನೆಗೆ ಹೋದ ಮೇಲೆ ಭಾವ ಅವನು ಮುಟ್ಟಿದ್ದನ್ನೆಲ್ಲ ಬಿಚ್ಚಿ ನೋಡುತ್ತಿದ್ದರು. ಇವಳು ಅಂಗಡಿ ಮುಚ್ಚಿ ಬಂದು ಟಾರ್ಚು ಹಿಡಿಯುತ್ತಿದ್ದಳು. ಸರಿಯಿದ್ದರೆ ಇದ್ದ ಹಾಗೆಯೇ ಮುಚ್ಚುವುದು, ಇಲ್ಲದಿದ್ದರೆ ಸರಿಮಾಡಿ ಮುಚ್ಚುವುದು. ಕಪ್ಪೆಯ ಬಲಗಡೆಯನ್ನು ನೋಡಿ ಮುಚ್ಚಿದ್ದರು. ಎಡಗಡೆಯನ್ನು ನೋಡಿ, ನಿನ್ನ ತಮ್ಮ ಇವತ್ತು ಗಿರಾಕಿಗೆ ಕಿವಿ ಕೊಟ್ಟು ಕೈ ಮರೆತಿದ್ದಾನೆ ಎಂದು ನಕ್ಕು ಎರಡು ಏಟು ಹಾಕಿದ್ದರು. ಅವರು ಆ ವಾರ ಆಡಿದ ಅತಿ ಉದ್ದದ ಮಾತು ಅದೇ ಆದ್ದರಿಂದ ಅವಳಿಗೆ ಚೆನ್ನಾಗಿ ನೆನಪಿತ್ತು.

“ನಂಗ್ಯಾಕೆ ಹೇಳ್ಲಿಲ್ಲ ಭಾವ?”

“ಹೇಳಿದ್ರೆ ಮೀಸೆ ಬೋಳಿಸ್ತಾನೆ, ಆ ಮುಖ ನೋಡೋಕಾಗಲ್ಲ ಅಂತಿದ್ರು.”

ಸಾಮ್ರಾಟರು ಗುಡಿಸಿದ ನೆಲದ ಮೇಲೆ ಕೂತುಬಿಟ್ಟರು. ಕೂತು, ಇಷ್ಟು ವರ್ಷ ಹೊತ್ತಿದ್ದನ್ನು ಹೇಳಿದರು. ಫ್ಯಾನಿನ ಗೂಂ, ಮಿಕ್ಸಿಯ ಗೂಂ, ಮಧ್ಯಾಹ್ನದ ಭಾವ, ಟಾರ್ಪಾಲು, ಕಾಣದ ಹಾಗೆ ಹೊಡೆಯಬೇಕೆಂದಿದ್ದ ಏಟು, ಎಲ್ಲವನ್ನೂ. ಸೂಜಿ ಷರ್ಟಿನಲ್ಲೇ ನಿಂತಿತು.

“ಇಷ್ಟು ವರ್ಷ ನಿನ್ನಿಂದಲೇ ಸತ್ರು ಅಂದ್ಕೊಂಡಿದ್ಯೇನೋ? ಒಂದು ಮಾತು ಕೇಳಿದ್ರೆ ಅವತ್ತೇ ಹೇಳ್ತಿದ್ನಲ್ಲೋ.”

“ಕೇಳಿದ್ರೆ ನಿಂಗೆ ಗೊತ್ತಾಗ್ತಿತ್ತಲ್ಲಕ್ಕ.”

ಅಕ್ಕ ಎದ್ದು ಬಂದು, ಗ್ರೀಸೆನ್ನದೆ, ಅವರ ತಲೆಯ ಮೇಲೆ ಕೈಯಿಟ್ಟಳು. ಹೊಲಿಯುವಾಗ ಸೂಜಿ ಚುಚ್ಚದಂತೆ ಬೆರಳಿಗೆ ಹಾಕಿದ್ದ ಅಂಗುಸ್ತಾನ ತಲೆಗೆ ತಣ್ಣಗೆ ತಾಗಿತು.

ಸಾಮ್ರಾಟರು ಎದ್ದು ನಟ್ಟಿಗೆ ಪೈಪು ಹಾಕಿ ಜೋತುಬಿದ್ದರು. ಅದು ಕದಲಲಿಲ್ಲ. ಮತ್ತೆ ಜೋತುಬಿದ್ದರು, ಹುಬ್ಬಿನಿಂದ ಬೆವರಿಳಿಯಿತು.

“ಎಡಗಡೆದು ಉಲ್ಟಾ ಥ್ರೆಡ್ ಕಣೋ,” ಎಂದಳು ಟಾರ್ಚು ಹಿಡಿದು ಹಿಡಿದು ಪಳಗಿದವಳು. ಗಡಿಬಿಡಿಯಲ್ಲಿ ಅದನ್ನೂ ಮರೆತು ಅವರು ಅಷ್ಟು ಹೊತ್ತೂ ಭಾವನ ನಟ್ಟನ್ನು ಇನ್ನಷ್ಟು ಬಿಗಿಯುತ್ತಿದ್ದರು.

ಉಲ್ಟಾ ತಿರುಗಿಸಿದಾಗ ಅದು ಕಿರ್ರೆಂದು ಬಿಟ್ಟುಕೊಟ್ಟಿತು. ಅದನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದಾಗಲೇ ಸಾಮ್ರಾಟರಿಗೆ ಹೊಸ ಅನುಮಾನ ಹುಟ್ಟಿತು. ಎರಡು ಪ್ರಶ್ನೆ ಒಟ್ಟಿಗೆ ಬಂದಿದ್ದವು. ಮೊದಲನೆಯದನ್ನು ಬಾಯಿಬಿಟ್ಟು ಕೇಳಿದರು: “ನಾನು ಒಟ್ಟು ಎಷ್ಟು ಸಲ ಮರ್ತಿದ್ದೆ?”

“ನಾನು ಟಾರ್ಚ್ ಹಿಡೀತಿದ್ದೆ. ಎಣಿಸ್ತಿರ್ಲಿಲ್ಲ.”

ಎರಡನೆಯದನ್ನು ಕೇಳಲಿಲ್ಲ. ಭಾವ ಹೋದ ಮೇಲೆ ಬಿಚ್ಚಿ ನೋಡಿದವರು ಯಾರು? ಊರ ತುಂಬ ಓಡಾಡುತ್ತಿರುವ ಆ ಗಾಡಿಗಳ ನಟ್ಟುಗಳಿಗೆ ದಿಕ್ಕು ಯಾರು? ಉತ್ತರ ತಾನಾಗಿ ಹೊಳೆಯಿತು. ನೋಡಿದವರು ಭಾವನೇ. ಮಧ್ಯಾಹ್ನ ಮಧ್ಯಾಹ್ನ ಬಂದು ಕೇಳಿ ಕೇಳಿ, ಸ್ಕೂಟರ್ ಹತ್ತಿಸಿ ಬೆನ್ನಟ್ಟಿಸಿ, ತೆರೆಸಿ ಮುಚ್ಚಿಸಿ ತೆರೆಸಿ ನೋಡಿಸಿದವರು. ಸತ್ತ ಮೇಲೂ ಮನುಷ್ಯ ಒಂದು ದಿನ ರಜೆ ಹಾಕಿರಲಿಲ್ಲ.

ಎಡಗಡೆಯ ಹೊಸ ಬೇರಿಂಗು ಕೂತಿತು. ಹೊಸ ನಟ್ಟು ಬಿಗಿಯಿತು. ಸಾಮ್ರಾಟರು ಒಂದೇ ಏಟು ಹೊಡೆದು, ಮುಚ್ಚಳ ಕೈಯಲ್ಲೇ ಹಿಡಿದು, ಅಕ್ಕನ ಕಡೆ ತಿರುಗಿದರು. “ಟಾರ್ಚ್ ತಗೊಂಡು ಬಂದು ಒಂದ್ಸಲ ನೋಡಕ್ಕ.”

ಸುಡುಬಿಸಿಲು. ಆದರೂ ಅಕ್ಕ ಅಂಗಡಿಗೆ ಹೋಗಿ ಟಾರ್ಚು ತಂದು, ಹಚ್ಚಿ, ಬಗ್ಗಿ ನೋಡಿದಳು. “ಹೊಡ್ದಿದೀಯ,” ಎಂದಳು.

ಆ ಭಾನುವಾರ ಸಾಮ್ರಾಟರು ಬೀದಿಗೆ ಬಂದಾಗ ನಮ್ಮಲ್ಲಿ ಹಲವರಿಗೆ ಅವರ ಗುರುತೇ ಹತ್ತಲಿಲ್ಲ. ಮೂಗಿಗೂ ಬಾಯಿಗೂ ನಡುವೆ ಇಷ್ಟು ಜಾಗ ಇತ್ತೆಂದು ಯಾರಿಗೆ ಗೊತ್ತಿತ್ತು? ಬಿಸಿಲೇ ಕಾಣದಿದ್ದ ಆ ತುಟಿಯ ಮೇಲ್ಭಾಗ ಸುಣ್ಣ ಹೊಡೆದ ಗೋಡೆಯ ಹಾಗಿತ್ತು. ಯಾರು ತೋರಿಸಿದರು, ಯಾವ ಗಾಡಿ ಎಂದು ಎದುರು ಗ್ಯಾರೇಜಿನವನು ರಸ್ತೆ ದಾಟಿಯೇ ಬಂದು ಕೇಳಿದ. ಮಾತು ಕೊಟ್ಟಿದ್ದೆ ಎಂದಷ್ಟೇ ಹೇಳಿ ಸಾಮ್ರಾಟರು ಕಪ್ಪೆಯ ಪಕ್ಕದ ಸೀಟಿನಲ್ಲಿ ಮಂಡಿ ಮಡಚಿ ಕೂತರು. ಅಕ್ಕ ಸ್ಕಾರ್ಫು ಬಿಗಿದಳು. ಕಪ್ಪೆ ಒಂದು ಸಲ ಕೆಮ್ಮಿ, ಎರಡು ಸಲ ಕುಪ್ಪಳಿಸಿ ಹೊರಟಿತು.

ಊರು ದಾಟುವವರೆಗೂ ಅವರು ಕಿವಿಯನ್ನು ಹಿಂದಕ್ಕೇ ಇಟ್ಟಿದ್ದರು. ಗೂಂ ಇರಲಿಲ್ಲ. ಅದು ಇಲ್ಲದ ಜಾಗ ಎಷ್ಟು ದೊಡ್ಡದಾಗಿತ್ತೆಂದರೆ ಅವರಿಗೆ ಕೂರಲಾಗಲಿಲ್ಲ. ಗೋದಾಮಿನ ಗೋಡೆಯ ಹತ್ತಿರ ಅಕ್ಕ ತಾನಾಗಿಯೇ ನಿಲ್ಲಿಸಿದಳು. ಸಾಮ್ರಾಟರು ಇಳಿದು, ಎಡಗಡೆಯ ಹಿಂಚಕ್ರದ ಎದುರು ಕುಕ್ಕರಗಾಲಿನಲ್ಲಿ ಕೂತು, ನಡುವಿನ ಮುಚ್ಚಳದ ಮೇಲೆ ಅಂಗೈ ಇಟ್ಟರು. ಬೇರಿಂಗು ಕೆಟ್ಟಿದ್ದರೆ ಅಲ್ಲಿ ಬಿಸಿಯಾಗುತ್ತದೆ. ತಣ್ಣಗಿತ್ತು.

ಇನ್ನೊಮ್ಮೆ ಇಟ್ಟರು. ಅವರ ಕೈಯ ಪಕ್ಕದಲ್ಲೇ ಇನ್ನೊಂದು ಕೈ, ಎಡಗೈ, ಬನಿಯನ್ ತುಂಡಿಗೆ ಒರೆಸಿಕೊಂಡು ಬಂದು ಮುಟ್ಟಿ ನೋಡಿದ ಹಾಗಾಯಿತಂತೆ.

“ಹೊಡ್ದಿದೀನಿ ಭಾವ, ಅಕ್ಕ ನೋಡಿದಾಳೆ,” ಎಂದರು ಸಾಮ್ರಾಟರು ಚಕ್ರಕ್ಕೆ. ಸೀಟಿನಲ್ಲಿ ಕೂತಿದ್ದ ಅಕ್ಕ ಅವರ ಕಡೆ ತಿರುಗಲಿಲ್ಲ, ಎಂಜಿನ್ನನ್ನೂ ಆರಿಸಲಿಲ್ಲ.